ಮಾಸ್ಕ್ ಎತ್ತಬ್ಯಾಡ್ರಿ

ಸೂರ್ಯ ವೆಲ್ಡಿಂಗ್ ಬೆಳಕಿನಂತೆ ಉರಿಯತೊಡಗಿದ ಮೇಲೆ ಹಗಲಲ್ಲಿ ಕಪ್ಪು ಗಾಜಿನ ಮಾಸ್ಕ್, ಕೈಗವಸು ಇಲ್ಲದೆ ಯಾರೂ ಹೊರಬೀಳುತ್ತಿರಲಿಲ್ಲ; ಬಿಸಿಲು ತಾಗಿದರೆ ಕಣ್ಣು ಹೋಗುತ್ತಿತ್ತು, ಚರ್ಮ ಬೇಯುತ್ತಿತ್ತು. ಆ ಮಧ್ಯಾಹ್ನ ಹೆರಿಗೆ ಆಸ್ಪತ್ರೆಯ ತಗಡಿನ ಚಾವಣಿ ಬಿರುಕುಬಿಟ್ಟು, ಬಿಸಿಲ ಗೆರೆಯೊಂದು ತೊಟ್ಟಿಲುಗಳತ್ತ ಸರಿಯತೊಡಗಿತು. ವೆಲ್ಡರ್ ಮೌನೇಶ ಮೇಲೆ ಹತ್ತಿದ. ಬೆಸುಗೆ ಮುಗಿದೊಡನೆ ಮಾಸ್ಕ್ ಎತ್ತಿ ನೋಡುವುದು ಅವನ ಹಳೆಯ ಚಾಳಿ. ಹೆಂಡತಿ ಗಂಗವ್ವ ಜೊತೆಗೆ ಹತ್ತಿದ್ದೇ ಅದಕ್ಕಾಗಿ.

ಕಿಡಿ ಆರಿತು. ಅವನ ಕೈ ಮಾಸ್ಕಿಗೆ ಹೋಯಿತು.

“ಎತ್ತಬ್ಯಾಡ್ರಿ!” ಅವಳು ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದಳು.

“ಕೂಡೇತೋ ಇಲ್ಲೋ ನೋಡಬೇಕಲ್ಲ?”

“ಒಳಗ ಹೋಗಿ ನೋಡ್ರಿ. ಕತ್ತಲಿದ್ರ ಕೂಡೇತಿ.”

ಒಳಗೆ ಕತ್ತಲಿತ್ತು. ಕೂಸುಗಳು ಮಲಗಿದ್ದವು. ಮೌನೇಶ ನಗುತ್ತ ಮಾಸ್ಕ್ ತೆಗೆದು ಟಾರ್ಚ್ ಹಾಕಿದ. ಗಂಗವ್ವನ ಕೈಗವಸಿಗೂ ಮಾಸ್ಕ್ ಅದುಮುವಾಗ ಜಾರಿದ ಅಂಗಿತೋಳಿಗೂ ನಡುವೆ, ಬಳೆಯಷ್ಟಗಲ, ಚರ್ಮ ಬೆಂದು ಗುಳ್ಳೆ ಎದ್ದಿತ್ತು.

“ಕೂಡೇತಲ್ಲ?” ಎನ್ನುತ್ತ ಅವಳು ಅಂಗಿತೋಳನ್ನು ಗುಳ್ಳೆಯ ಮೇಲೆ ಎಳೆದುಕೊಂಡಳು.