ಜೋಡಿ ಬದಲು

"ಜೋಡಿ ಬದಲು!" ಎಂದು ಮಾಸ್ಟರು ಚಪ್ಪಾಳೆ ತಟ್ಟಿದರು. ಸಾಲ್ಸಾ ಡ್ಯಾನ್ಸ್ ಕ್ಲಾಸಿನ ಪದ್ಧತಿಯೇ ಅದು. ಗಂಡಸರು ವೃತ್ತದಲ್ಲಿ ನಿಂತಲ್ಲೇ ನಿಲ್ಲಬೇಕು, ಹೆಂಗಸರು ಬಲಕ್ಕೆ ಸರಿದು ಮುಂದಿನವರ ಕೈ ಹಿಡಿಯಬೇಕು. ಬಲ್ಲವರು, ಬಾರದವರು ಎಲ್ಲರಿಗೂ ಎಲ್ಲರೂ ಸಿಗಲಿ ಎಂದು. ಅವಳು ಸರಿದು ಪೋಸ್ಟ್‌ಮಾಸ್ಟರ್ ತಾತನ ಕೈ ಹಿಡಿದು ತಲೆಯೆತ್ತಿದಾಗ, ಒಬ್ಬರನ್ನು ಬಿಟ್ಟು ಆಚೆಗೆ ಅವಳ ಗಂಡ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ನಿಧಾನವಾಗಿ, ಒಂದೇ ಅಳತೆಗೆ, ಅದರ ಎರಡೂ ತೋಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದ. ಐದು ವರ್ಷದ ಹಿಂದೆ ಅವಳ ಮಣಿಕಟ್ಟು ಮುರಿದ ದಿನವೂ ಮೊದಲು ಹೀಗೇ ತೋಳು ಮಡಚಿಕೊಂಡಿದ್ದ.

"ಹೊಸಬರು. ಇವತ್ತು ಟ್ರಯಲ್ ಕ್ಲಾಸು," ಎಂದು ಮಾಸ್ಟರು ಪರಿಚಯ ಮಾಡಿಸಿದರು. "ಹೆದರಬೇಡಿ ಸಾರ್, ಇಲ್ಲಿ ಎಲ್ಲರೂ ಕಾಲು ತುಳಿಯೋರೇ." ಅವನು ನಕ್ಕ. ಎಲ್ಲರೂ ನಕ್ಕರು.

ಈಗಲೇ ಬಾಗಿಲು ದಾಟಿ ಓಡಿಬಿಡಬಹುದಿತ್ತು. ಆದರೆ ಅವಳು ಮೆಟ್ಟಿಲಿಳಿದರೆ ಅವನೂ ಬೆನ್ನಿಗೇ ಇಳಿಯುತ್ತಾನೆ. ಕೆಳಗಿನ ಡ್ರಾಯಿಂಗ್ ಕ್ಲಾಸಿನಲ್ಲಿ ಮಗಳಿದ್ದಳು. ಮಗಳಿಗಾಗಿ ಕಾಯುತ್ತ ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದವಳನ್ನು, "ಅಲ್ಲಿ ಸೊಳ್ಳೆ ಹೊಡೆಯೋ ಬದಲು ಮೇಲೆ ಬಂದು ಕುಣೀರಿ" ಎಂದು ಮಾಸ್ಟರೇ ಕರೆದು ಸೇರಿಸಿಕೊಂಡಿದ್ದರು. ಗಂಡನನ್ನು ಬಿಟ್ಟು ಬಂದಾಗ ಮಗಳಿನ್ನೂ ತೊದಲು ಮಾತಿನ ಕೂಸು. ಅಪ್ಪನ ಮುಖ ನೆನಪಿಲ್ಲ. ಡ್ರಾಯಿಂಗ್ ಮುಗಿದ ಕೂಡಲೇ "ಅಮ್ಮಾ" ಎನ್ನುತ್ತ ದಡದಡ ಮೇಲೆ ಹತ್ತಿ ಬರುವುದು ಅವಳ ರೂಢಿ. ಮಗಳು ಬಾಗಿಲಲ್ಲಿ ಕಾಣಿಸಿದರೆ ಮುಗಿಯಿತು.

"ಏನಮ್ಮಾ, ನನಗಿಂತ ನೀನೇ ಹೆಚ್ಚು ಹೆಜ್ಜೆ ತಪ್ಪಿಸ್ತಿದೀಯಲ್ಲ?" ಎಂದರು ತಾತ. ಅಷ್ಟರಲ್ಲಿ ಮತ್ತೆ ಚಪ್ಪಾಳೆ. ಜೋಡಿ ಬದಲು.

ಈಗ ಡ್ರೈವರಕ್ಕ. ಸಿಟಿ ಬಸ್ಸು ಓಡಿಸುವ ಗಟ್ಟಿ ಆಳು. ಗಂಡಸರು ಕಡಿಮೆ ಇದ್ದದ್ದರಿಂದ ಅವರ ಸಾಲಿನಲ್ಲೇ ನಿಲ್ಲುತ್ತಿದ್ದಳು. "ಜನ ತುಂಬಿದ ಬಸ್ಸೇ ತಿರುಗಿಸ್ತೀನಿ, ನಿನ್ನ ತಿರುಗಿಸೋದು ಯಾವ ಮಹಾ" ಎಂಬುದು ಪ್ರತಿ ಸಲದ ತಮಾಷೆ. ಇವತ್ತು ಕೈ ಹಿಡಿದವಳೇ ತಮಾಷೆ ಮರೆತಳು. "ಏ ಬ್ಲಡ್‌ಟೆಸ್ಟು, ಏನೇ ಇದು, ಕೈ ಹಿಂಗೆ ಐಸಾಗಿದೆ?" ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದ ಇವಳಿಗೆ ಡ್ರೈವರಕ್ಕನೇ ಇಟ್ಟ ಹೆಸರದು.

"ನಿಮ್ಮ ಪಕ್ಕದಲ್ಲಿರೋನು... ನನ್ನ ಗಂಡ." ಮಣಿಕಟ್ಟು ಹೊರಳಿಸಿ ಹೊಲಿಗೆಯ ಗುರುತು ತೋರಿಸಿದಳು. "ಕೆಳಗೆ ಮಗು ಇದೆ ಅಕ್ಕಾ. ಅವನಿಗೆ ಗೊತ್ತಾಗಬಾರದು."

ಡ್ರೈವರಕ್ಕ ಪಕ್ಕಕ್ಕೆ ತಿರುಗಲಿಲ್ಲ. ಎದುರು ಗೋಡೆಯ ಕನ್ನಡಿಯಲ್ಲಿ, ಹಿಂದೆ ಬರುವ ಗಾಡಿಯನ್ನು ನೋಡುವ ಹಾಗೆ, ಅವನನ್ನು ಒಮ್ಮೆ ನೋಡಿದಳು. "ಬಾಗಿಲ ಕಡೆಗೆ ತಿರುಗಿಸಿ ಬಿಡ್ತೀನಿ. ಇಳಿದುಬಿಡು. ಹಿಂದೆ ನೋಡಬೇಡ."

"ಜೋಡಿ ಬದಲು!"

ಅವನು ಕೈ ಚಾಚಿದ. "ಬಾ," ಎಂದ ಮೆತ್ತಗೆ, "ಕುಣಿಯೋದು ಬೇರೆ ಕಲಿತಿದೀಯಲ್ಲ." ಆ ಕೈಗೆ ಸಿಕ್ಕಿದ್ದು ಡ್ರೈವರಕ್ಕನ ಕೈ. "ಬನ್ನಿ ಸಾರ್, ನಂಗೂ ಹೆಂಗಸರ ಸ್ಟೆಪ್ಪು ಕಲೀಬೇಕು ಅಂತ ಆಸೆ. ಮಧ್ಯದಲ್ಲಿ ಬಿಟ್ಟು ಹೋಗೋ ಹಂಗಿಲ್ಲ, ನಾನಂತೂ ಬಿಡಲ್ಲ." ಅಷ್ಟರಲ್ಲಿ ಅವಳು, ಡ್ರೈವರಕ್ಕ ತಿರುಗಿಸಿ ಬಿಟ್ಟ ರಭಸಕ್ಕೆ, ಬುಗುರಿಯಂತೆ ಬಾಗಿಲ ಬಳಿ ಬಂದಿದ್ದಳು. ಚಪ್ಪಲಿ ಹುಡುಕಲಿಲ್ಲ. ಬರಿಗಾಲಲ್ಲೇ ಇಳಿದಳು.

ಮಗಳು ಕೊನೆಯ ಮೆಟ್ಟಿಲ ಮೇಲೆ ಕೂತು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು. "ಅಮ್ಮಾ, ಇಲ್ನೋಡು!" ಎಂದು ಎದ್ದು ಕಾಲು ಕುಟ್ಟಿದಳು. ಹೊಸ ಶೂಗಳ ಹಿಮ್ಮಡಿಯಲ್ಲಿ ಕೆಂಪು ದೀಪ ಝಗ್ಗೆಂದು ಹೊತ್ತಿ ಆರಿತು.

"ಯಾರು ಕೊಟ್ಟಿದ್ದು?"

"ಈಗ ಮೇಲೆ ಡ್ಯಾನ್ಸ್‌ಗೆ ಹೋದ್ರಲ್ಲ, ಆ ಅಂಕಲ್. ನೀನೇ ತರೋಕೆ ಹೇಳಿದ್ಯಂತೆ. ಕ್ಲಾಸಿಂದ ಕರೆದು ಅವರೇ ಹಾಕಿ ಲೇಸ್ ಕಟ್ಟಿದ್ರು, ಇಲ್ಲೇ ಕೂತಿರು ಅಂದ್ರು."

"ನಿನ್ನ ಹಳೇ ಶೂ ಎಲ್ಲಿ?"

"ಅವರೇ ಬ್ಯಾಗಿಗೆ ಹಾಕ್ಕೊಂಡ್ರು."

ಅವಳು ಕುಕ್ಕರಿಸಿ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮುಂದಿನ ವರ್ಷಕ್ಕೂ ಬರಲಿ ಎಂದು ಯಾವಾಗಲೂ ಒಂದು ಸೈಜು ದೊಡ್ಡದನ್ನೇ ಕೊಡಿಸುತ್ತಿದ್ದವಳು ಅವಳು. ಇದು ಮಗಳ ಕಾಲಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಬಿಚ್ಚಲು ನೋಡಿದಳು. ಗಂಟಿನ ಮೇಲೆ ಗಂಟು, ಉಗುರೂ ಹೋಗದಷ್ಟು ಬಿಗಿ.

ಮೇಲೆ ಹಾಡು ನಿಂತಿತು.

ಬೆಳೆದ ಮಗಳನ್ನು ಹಸುಗೂಸಿನಂತೆ ಎತ್ತಿ ಎದೆಗವಚಿಕೊಂಡು ಅವಳು ಕತ್ತಲ ಓಣಿಗೆ ನುಗ್ಗಿದಳು.

"ಇಳಿಸಮ್ಮಾ," ಎಂದಳು ಮಗಳು ಮುನಿಸಿನಿಂದ, "ನಾನು ನಡೆದ್ರೆ ತಾನೆ ಲೈಟ್ ಹತ್ತೋದು?"