ಜೋಕರ್ ಸುತ್ತು

ದಿಶಾಂತ್ ಮೊದಲು ಹಿಡಿದದ್ದು ಶ್ರೀಶನ ಕಾಲರನ್ನು. ಮಾತು ಆಮೇಲೆ.

"ಯಾರಿಗೆ ಹೇಳಿದೆ? ಬಾಯಿ ಬಿಡು!"

ದರ್ಬೆಯ ಮುಖ್ಯ ರಸ್ತೆಯ ಬದಿ, ಶ್ರೀಶನ ಮನೆಯ ಗೇಟಿನೆದುರು, ಹಾಡಹಗಲು. ಎದುರಿನ ಅಂಗಡಿಯವರು ತೂಗುತ್ತಿದ್ದದ್ದನ್ನು ಬಿಟ್ಟು ಹೊರಗೆ ಬಂದು ನಿಂತರು. ದಿಶಾಂತನಿಗೆ ಯಾರ ಪರಿವೆಯೂ ಇರಲಿಲ್ಲ. ಯುರೋಪಿನ ಊರೂರಿನಲ್ಲಿ ನುಂಗಿಕೊಂಡು ಬಂದ ಸಿಟ್ಟನ್ನು ಪುತ್ತೂರಿನಲ್ಲಾದರೂ ಕಾರಿಕೊಳ್ಳಬೇಕಿತ್ತು.

ಸಿಟ್ಟು ಸುಮ್ಮನೆ ಬಂದದ್ದಲ್ಲ. ಅವನ ತಂಗಿ ಮೋಕ್ಷಿತಾ ಈ ವರ್ಷ ಅಂತರರಾಷ್ಟ್ರೀಯ ರ‍್ಯಾಲಿಕ್ರಾಸ್ ಸರಣಿಯಲ್ಲಿ ಕಾರು ಓಡಿಸುತ್ತಿದ್ದಳು. ಅರ್ಧ ಡಾಮರು, ಅರ್ಧ ಮಣ್ಣು, ಆರು ಸುತ್ತಿನ ಓಟ. ಅದರಲ್ಲಿ ಯಾವುದಾದರೂ ಒಂದು ಸುತ್ತನ್ನು ಎಲ್ಲರೂ ಕಡ್ಡಾಯವಾಗಿ ಬಳಸು ದಾರಿಯಲ್ಲಿ ಹೋಗಬೇಕು. ಅದಕ್ಕೇ ಜೋಕರ್ ಸುತ್ತು ಎನ್ನುವುದು. ಯಾವ ಸುತ್ತಿಗೆ ಹೋಗುವುದು ಎಂಬುದು ಅವರವರ ಇಷ್ಟ. ಸೋಲು ಗೆಲುವು ಇರುವುದೆಲ್ಲ ಆ ಲೆಕ್ಕಾಚಾರದಲ್ಲೇ. ಎದುರಾಳಿಗೆ ಅದು ಮೊದಲೇ ಗೊತ್ತಾಯಿತೋ, ಕಥೆ ಮುಗಿಯಿತು. ಒಂದು ಸುತ್ತು ಮುಂಚೆ ತಾನು ಹೋಗಿ ಬಂದು, ದಾರಿಗಳು ಕೂಡುವಲ್ಲಿ ಮುಂದಾಗಿಬಿಡುತ್ತಾನೆ.

ತಂಡದಲ್ಲಿ ಆ ಗುಟ್ಟು ಗೊತ್ತಿದ್ದದ್ದು ಮೂವರಿಗೆ. ಓಡಿಸುವ ಮೋಕ್ಷಿತಾ, ಎತ್ತರದಲ್ಲಿ ನಿಂತು ರೇಡಿಯೋದಲ್ಲಿ ಅವಳಿಗೆ ದಾರಿ ಹೇಳುವ ದಿಶಾಂತ್, ಟಯರು ನೋಡುವ ಇಂಜಿನಿಯರ್ ಶ್ರೀಶ. ರೇಡಿಯೋ ಕದ್ದು ಕೇಳುವವರಿರುತ್ತಾರೆಂದು ಅಣ್ಣ ತಂಗಿ ತಮ್ಮ ಮನೆಮಾತಾದ ಅರೆಭಾಷೆಯಲ್ಲೇ ಮಾತಾಡುತ್ತಿದ್ದರು. ಸುಳ್ಯ, ಮಡಿಕೇರಿ ದಾಟಿದರೆ ಅದು ಯಾವ ನರಪಿಳ್ಳೆಗೆ ಅರ್ಥವಾದೀತು? ಆದರೂ ಗಡ್ಡದ ಯಜಮಾನನೊಬ್ಬನಿದ್ದ ಎದುರಾಳಿ ತಂಡದ ಕಾರು ಪ್ರತಿ ಸಲವೂ ಇವಳಿಗಿಂತ ಸರಿಯಾಗಿ ಒಂದು ಸುತ್ತು ಮುಂಚೆ ಬಳಸು ದಾರಿಗೆ ನುಗ್ಗುತ್ತಿತ್ತು.

ತಪ್ಪಿದ್ದು ಒಂದೇ ಸಲ, ಲಾಟ್ವಿಯಾದಲ್ಲಿ. ಆ ವಾರ ಕಡಬದಲ್ಲಿ ದೊಡ್ಡಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಸೂತಕ. ಮುಖ ನೋಡಲಿಕ್ಕೂ ಬರಲಾಗಲಿಲ್ಲವೆಂಬ ಸಂಕಟದಲ್ಲೇ ಮೋಕ್ಷಿತಾ ಓಡಿಸಿದಳು, ಗೆದ್ದಳು. ದೊಡ್ಡಪ್ಪನ ಆಶೀರ್ವಾದ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಅದೇ ವಾರ ಶ್ರೀಶ ಡೆಂಗಿ ಜ್ವರವೆಂದು ಪುತ್ತೂರಿನಲ್ಲಿ ಮಲಗಿದ್ದ.

"ನೀನಿಲ್ಲದ ಒಂದೇ ಓಟ ನಾವು ಗೆದ್ದದ್ದು. ಇನ್ನೆಂತ ಸಾಕ್ಷಿ ಬೇಕು ಮಾರಾಯ?"

ಶ್ರೀಶ ಕಾಲರು ಬಿಡಿಸಿಕೊಳ್ಳಲೂ ಹೋಗಲಿಲ್ಲ. "ನಾನಿರಲಿಲ್ಲ, ಹೌದು. ಅವತ್ತು ಇನ್ನು ಎಂತೆಲ್ಲ ಇರಲಿಲ್ಲ ಅಂತ ನೋಡಿದ್ದುಂಟಾ ನೀನು?"

"ನನಗೆ ಬುದ್ಧಿ ಹೇಳ್ಲಿಕ್ಕೆ ಬರ್ಬೇಡ. ಇವತ್ತಿಗೆ ಮುಗಿಯಿತು. ತಂಡದಲ್ಲಿ ನೀನಿಲ್ಲ."

ಕಾಲೇಜಿನಿಂದ ಬಂದ ಗೆಳೆತನ ರಸ್ತೆಬದಿಯಲ್ಲಿ ಮುಗಿದುಹೋಯಿತು.

ಅಜ್ಜಾವರದ ಮನೆಗೆ ಬಂದ ಮೇಲೂ ಅವನ ಸಿಟ್ಟು ಇಳಿದಿರಲಿಲ್ಲ. ಇನ್ನು ಕೊನೆಯ ಓಟ ಒಂದೇ ಬಾಕಿ. ಗೆದ್ದರೆ ಮೋಕ್ಷಿತಾಳಿಗೆ ಮುಂದಿನ ವರ್ಷವೂ ಕಾರು. ಸೋತರೆ ಆ ಸೀಟಿನಲ್ಲಿ ಬೇರೆ ಯಾರೋ.

ಅಮ್ಮ ಗೋದಾವರಿ ಕಷಾಯ ತಂದಿಟ್ಟರು. "ತಲೆಬಿಸಿ ಮಾಡ್ಬೇಡ. ದೇವರುಂಟು. ಸುಮ್ಮನೆ ಒಳ್ಳೇದು ಮಾಡು ಅಂದ್ರೆ ಆಗುದಿಲ್ಲ, ದೇವರಿಗೆ ಬಿಡಿಸಿ ಹೇಳ್ಬೇಕು. ಬಲಗಾಲಿನ ಗಂಟು ಅಂತ ಸರಿಯಾಗಿ ಹೇಳಿಸಿದ ಮೇಲೆ ಅಲ್ವಾ ನಿನ್ನ ನೋವು ಕಮ್ಮಿ ಆದದ್ದು? ಈಗ ಪೂಜೆಯೆಲ್ಲ ಮೊಬೈಲಲ್ಲೇ ಬರ್ತದೆ. ನೀನು ಒಂದು ದಿನ ನೋಡುದಿಲ್ಲ."

"ನನಗೆ ಪುರುಸೊತ್ತಿಲ್ಲ ಅಮ್ಮ!" ಎಂದು ರೇಗಿ ಅವನು ಎದ್ದುಹೋದ. ಕಷಾಯ ಅಲ್ಲೇ ಆರಿತು.

ಕೊನೆಯ ಓಟ ಪೋರ್ಚುಗಲ್ಲಿನಲ್ಲಿ. ಈ ಸಲ ಗುಟ್ಟು ಇಬ್ಬರದ್ದೇ. ಬೆಳ್ಳಂಬೆಳಿಗ್ಗೆ ದಿಶಾಂತ್ ಕಾರಿನೊಳಗೆ ಬಗ್ಗಿ ತಂಗಿಗೆ ಐದು ಬೆರಳು ತೋರಿಸಿದ. ಬಾಯಿ ಬಿಡಲಿಲ್ಲ. ಮೋಕ್ಷಿತಾ ತಲೆಯಾಡಿಸಿದಳು. ಅಷ್ಟರಲ್ಲಿ ಅಮ್ಮನ ಫೋನು, ಓಟದ ದಿನ ತಪ್ಪದೆ ಬರುವಂಥದ್ದು. ತಿಂಡಿ ಆಯ್ತಾ, ಚಳಿ ಉಂಟಾ, ಮಗಳು ಹೇಗಿದ್ದಾಳೆ, ಇವತ್ತು ಹೇಗೆ ಓಡಿಸುದು. ಎಲ್ಲದಕ್ಕೂ ಉತ್ತರ ಕೊಟ್ಟು ಇಟ್ಟ.

ಮಧ್ಯಾಹ್ನ ಕಳೆದು ಓಟ ಶುರುವಾಯಿತು. ಮೂರು ಸುತ್ತು ಮೋಕ್ಷಿತಾಳೇ ಮುಂದೆ. ನಾಲ್ಕನೆಯದರಲ್ಲಿ ಗಡ್ಡದವನ ತಂಡದ ಕಾರು ಬಳಸು ದಾರಿಗೆ ಹೊರಳಿತು. ಐದನೆಯದರಲ್ಲಿ ಇವಳು ಹೋಗಿ ಹೊರಬರುವಾಗ ಆ ಕಾರು ಮುಂದಿತ್ತು. ಕೊನೆಯವರೆಗೂ ಮುಂದೆಯೇ ಇತ್ತು.

"ನಮ್ಮಿಬ್ಬರನ್ನು ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ನಾನಂತೂ ಅವರಿಗೆ ಹೇಳಿಲ್ಲ" ಎಂದು ಅವನು ಕೂಗಿದ. ಕೂಗಿದ ಮೇಲೆಯೇ ಅದರ ಅರ್ಥ ಅವನಿಗೂ ಹೊಳೆದದ್ದು.

ಮೋಕ್ಷಿತಾ ಹೆಲ್ಮೆಟನ್ನು ಅವನ ಎದೆಗೆ ಎಸೆದಳು. "ಶ್ರೀಶಣ್ಣನನ್ನು ಓಡಿಸಿದೆ. ಈಗ ನನ್ನ ಮೇಲಾ? ಇನ್ನು ನನ್ನ ಕಿವಿಯಲ್ಲಿ ನಿನ್ನ ಸ್ವರ ಕೇಳ್ಬಾರ್ದು."

ಅವನು ನೇರ ಎದುರಾಳಿಯ ಡೇರೆಗೆ ನುಗ್ಗಿದ. ಯಾರೋ ತಡೆದರು, ತಳ್ಳಿದ. "ಯಾರು? ನಿಮಗೆ ಹೇಳಿದ್ದು ಯಾರು?"

ಗಡ್ಡದವನು ನಗಲಿಲ್ಲ. "ನಿಮ್ಮ ಹುಡುಗಿಯ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದೇ ಇದು. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ. ಲಾಟ್ವಿಯಾದ ದಿನ ಮಾತ್ರ ಇವರು ಬಂದಿರಲಿಲ್ಲ" ಎಂದು ಮೊಬೈಲನ್ನು ಇವನ ಕಡೆ ತಿರುಗಿಸಿದ.

ಪರದೆಯ ಮೇಲೆ ಊರಿನ ದೇವಸ್ಥಾನ. ಅಲ್ಲಿನ ಮಧ್ಯಾಹ್ನದ ಪೂಜೆಯ ನೇರ ಪ್ರಸಾರ, ಓಟಕ್ಕೆ ಎಷ್ಟೋ ಗಂಟೆ ಮೊದಲಿನದು, ಕೆಳಗೆ ತಾನಾಗಿ ಮೂಡುವ ಇಂಗ್ಲಿಷ್ ಸಾಲುಗಳು. ಭಟ್ಟರು ಮೈಕಿನೆದುರು ಕೈಮುಗಿದು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದರು: "ಮೋಕ್ಷಿತಾ ಎಂಬ ಹೆಣ್ಣುಮಗಳು ಈ ದಿವಸದ ಓಟದಲ್ಲಿ ನಾಲ್ಕನೇ ಸುತ್ತಿಗೆ ಜೋಕರ್ ದಾರಿಯಲ್ಲಿ ಹೋಗುವವಳಿದ್ದಾಳೆ, ಯಾವ ವಿಘ್ನವೂ ಬಾರದ ಹಾಗೆ ನಡೆಸಿಕೊಡಬೇಕು ಸ್ವಾಮೀ..."

ಪಕ್ಕದಲ್ಲಿ ನಿಂತಿದ್ದ ಅಮ್ಮ ಮುಗಿದ ಕೈ ಬಿಡದೆ ಮೈಕಿನ ಕಡೆಗೆ ಬಾಗಿದರು: "ನಾಲ್ಕಲ್ಲ ಭಟ್ರೇ, ಐದು."