ಹ್ಯೂಸ್ಟನ್ನಿನ ಹೆಬರ್ಟ್

'ಮನೆ' ಎಂದಿದ್ದ ಜಾಗವನ್ನು ಗೀತಾ ಒತ್ತಿದಳು. ಕಾರಿನ ಪರದೆ ಹ್ಯೂಸ್ಟನ್ನಿನ ದಾರಿ ತೋರಿಸಿತು.

ಇರ್ವಿಂಗ್ ದೇವಸ್ಥಾನದ ಪಾರ್ಕಿಂಗಿನಲ್ಲಿ ಕೂತು ಮತ್ತೊಮ್ಮೆ ಒತ್ತಿದಳು. ಅದೇ ಹ್ಯೂಸ್ಟನ್, ಅದೇ ಗುರುತಿಲ್ಲದ ಬೀದಿ, ನಾಲ್ಕು ಗಂಟೆಯ ಪ್ರಯಾಣ. ಅವರ ಮನೆ ಇದ್ದದ್ದು ಸೌತ್‌ಲೇಕಿನಲ್ಲಿ, ಅರ್ಧ ಗಂಟೆಯ ದೂರದಲ್ಲಿ. ಕಾರು ಗಂಡನದು, ಅವಳದು ಸರ್ವಿಸಿಗೆ ಹೋಗಿತ್ತು.

"ಏನಮ್ಮಾ, ಎಬ್ಬಾರ್ರು ಬರ್ಲಿಲ್ವಾ?"

ಕಿಟಕಿಯ ಬಳಿ ಪುಟ್ಟಣ್ಣ ಬಗ್ಗಿದ್ದರು. ಮಂಡ್ಯದ ಕಡೆಯ ಈ ಹಿರಿಯ ಎಂಜಿನಿಯರಿಗೆ ಅಮೆರಿಕದಲ್ಲಿ ಕೂದಲು ನೆರೆತರೂ 'ಹ' ಮಾತ್ರ ನಾಲಿಗೆಗೆ ಹತ್ತಿರಲಿಲ್ಲ. ಹಾಲು ಆಲು, ಹೆಂಡತಿ ಎಂಡತಿ, ಗೀತಾಳ ಗಂಡ ಡಾಕ್ಟರ್ ಗುರುದತ್ತ ಹೆಬ್ಬಾರರು ಎಬ್ಬಾರ್ರು.

"ಅವರಿಗೆ ಮಂಡಿ ನೋವು," ಎಂದು ಗೀತಾ ಗಾಜು ಏರಿಸಿದಳು.

ಸಂಜೆ ವಿಷಯ ತೆಗೆದಾಗ ಗುರುದತ್ತ ಕಾಫಿ ಲೋಟದಿಂದ ತಲೆ ಎತ್ತಲಿಲ್ಲ. "ಓ, ಅದಾ? ಹೆಬರ್ಟ್ ಅಂತ, ನನ್ನ ಹಳೇ ಪೇಷೆಂಟ್. ಪಾಪ, ಹಾಸಿಗೆ ಹಿಡಿದಿದಾನೆ. ಒಂದ್ಸಲ ನೋಡ್ಕೊಂಡು ಬಂದಿದ್ದೆ. ಅಡ್ರೆಸ್ ಹಾಕೋವಾಗ ಏನೋ ತಪ್ಪಿ ಒತ್ತಿರಬೇಕು."

"ಹೆಬರ್ಟಾ? ಅದೆಂಥ ಹೆಸರ್ರೀ?"

ಕೇಳಿದ್ದೇ ತಡ, ಹರಿಕಥೆಯೇ ಶುರುವಾಯಿತು. ಅದು ಫ್ರೆಂಚ್ ಹೆಸರು. ಆ ಜನ ಫ್ರಾನ್ಸ್ ಬಿಟ್ಟು ಕೆನಡಾಕ್ಕೆ ಹೋದರು. ಬ್ರಿಟಿಷರು ಅಲ್ಲಿಂದ ಓಡಿಸಿದರು. ಲೂಸಿಯಾನಾದ ಜೌಗು ನೆಲದಲ್ಲಿ ನೆಲೆಯೂರಿದರು. ಟೆಕ್ಸಸ್ಸಿನಲ್ಲಿ ಎಣ್ಣೆ ಸಿಕ್ಕ ಮೇಲೆ ಕೆಲಸ ಹುಡುಕಿಕೊಂಡು ಈ ಕಡೆ ಬಂದರು. "ಡಾಲಸ್‌ನಲ್ಲಿ ಹುಡುಕಬೇಕು. ಆಸ್ಟಿನ್‌ನಲ್ಲಿ ಅಲ್ಲೊಬ್ಬ ಇಲ್ಲೊಬ್ಬ. ಹ್ಯೂಸ್ಟನ್‌ನಲ್ಲಿ ಕಲ್ಲು ಹೊಡೆದ್ರೆ ಒಬ್ಬ ಹೆಬರ್ಟ್ ತಲೆಗೇ ಬೀಳುತ್ತೆ."

ಏನು ಕೇಳಿದರೂ ಎರಡು ಮಾತಿನಲ್ಲಿ ಮುಗಿಸುವ ಮನುಷ್ಯ ಯಾವನೋ ಪೇಷೆಂಟಿನ ಮನೆತನದ ಬಗ್ಗೆ ಇಷ್ಟು ಹೇಳಿದ್ದು ಗೀತಾಳಿಗೆ ಸರಿಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ಶನಿವಾರ ಗುರುದತ್ತ ಆಸ್ಟಿನ್ನಿಗೆ ಹೊರಟ, ಮಗ ಧ್ರುವನನ್ನು ನೋಡಲು. ಕೆಲಸದಲ್ಲಿದ್ದಷ್ಟು ಕಾಲ ಅವನಿಗೆ ತಿಂಗಳಿಗೊಮ್ಮೆ ಹ್ಯೂಸ್ಟನ್ನಿನ ಆಸ್ಪತ್ರೆಯ ಡ್ಯೂಟಿ ಇತ್ತು. ನಿವೃತ್ತಿಯಾದ ಮೇಲೆ ತಿಂಗಳಿಗೊಮ್ಮೆ ಮಗ.

ಕಾರು ತಿರುವು ದಾಟುತ್ತಲೇ ಗೀತಾ ಮಗನಿಗೆ ಫೋನ್ ಮಾಡಿದಳು. "ಹೋದ ತಿಂಗಳು ಅಪ್ಪನ ಕೈಲಿ ಕರಿಬೇವಿನ ಗಿಡ ಕಳಿಸಿದ್ನಲ್ಲ, ಚಿಗುರಿತೇನೋ?"

"ವಾಟ್ ಪ್ಲಾಂಟ್, ಅಮ್ಮಾ? ಡ್ಯಾಡ್ ಈ ವರ್ಷ ಇಲ್ಲಿಗೆ ಬಂದೇ ಇಲ್ಲ."

ಅವಳು ಚಪ್ಪಲಿ ಮೆಟ್ಟಿ, ಸರ್ವಿಸಿನಿಂದ ಬಂದಿದ್ದ ತನ್ನ ಕಾರಿಗೆ ಅಂದು ಪರದೆಯಲ್ಲಿ ಕಂಡಿದ್ದ ವಿಳಾಸ ಹಾಕಿ ಹೊರಟೇಬಿಟ್ಟಳು. ಹ್ಯೂಸ್ಟನ್ನಿನವರೆಗೂ ಒಂದೇ ಮಾತನ್ನು ಉರು ಹೊಡೆದಳು: "ಇನ್ನೊಬ್ಬಳ ಗಂಡನ ಜೊತೆ ಸಂಸಾರ ಮಾಡೋಕೆ ನಿನಗೆ ನಾಚಿಕೆ ಆಗಲ್ವಾ?" ಕಣ್ಣೀರು ಬರುತ್ತಿತ್ತು, ಸಿಟ್ಟು ಅದನ್ನು ಒಣಗಿಸುತ್ತಿತ್ತು. ಇಡೀ ಬಾಳನ್ನೇ ಒಬ್ಬನ ಕೈಗೆ ಕೊಟ್ಟಿದ್ದಳು.

ಅಂಚೆಪೆಟ್ಟಿಗೆಯ ಮೇಲೆ ಹೆಬರ್ಟ್ ಎಂದಿತ್ತು. ಅಷ್ಟು ಮಾತ್ರ ನಿಜ. ಗುರುದತ್ತನ ಕಾರು ಕಾಣಲಿಲ್ಲ. ಆದರೆ ಮೆಟ್ಟಿಲ ಮೇಲೆ ಅಂಚು ಒಡೆದ ನೀಲಿ ಕುಂಡ ಇತ್ತು. ಅದರಲ್ಲಿ ಅವಳದೇ ಕರಿಬೇವು, ಸೊಂಪಾಗಿ ಚಿಗುರಿತ್ತು.

ಬಾಗಿಲು ತೆರೆದವಳು ಬೆಳ್ಳಿಗೂದಲಿನ ಅಮೆರಿಕನ್ ಹೆಂಗಸು. ಗೀತಾಳನ್ನು ನೋಡುತ್ತಲೇ ಅವಳ ಮುಖ ಅರಳಿತು.

"ನೀವು ಗೀತಾ ಅಲ್ಲವೇ? ಫೋಟೋದಲ್ಲಿ ನೋಡಿದ್ದೇನೆ! ನಾನು ಶಾರ್ಲೀನ್. ನಿಮ್ಮನ್ನು ಒಮ್ಮೆ ಕರೆತನ್ನಿ ಎಂದು ಹೇಳಿ ಹೇಳಿ ಸಾಕಾಗಿತ್ತು," ಎಂದು ಟೆಕ್ಸಸ್ಸಿನ ಎಳೆದೆಳೆದ ಇಂಗ್ಲಿಷಿನಲ್ಲಿ ಹೇಳಿ ತಬ್ಬಿಕೊಂಡಳು.

ಉರು ಹೊಡೆದ ಮಾತು ಬಾಯಿಗೆ ಬರಲಿಲ್ಲ. ಕಳ್ಳ ಸಂಬಂಧದವಳು ಹೀಗೆ ತಬ್ಬಿಕೊಳ್ಳುತ್ತಾಳೆಯೇ? ಅಡುಗೆಮನೆಯಲ್ಲಿ ತಣ್ಣನೆಯ ಚಹಾ ಮುಂದಿಟ್ಟುಕೊಂಡು ಗೀತಾ ಮೆಲ್ಲನೆ ಕೆದಕಿದಳು.

"ಮಿಸೆಸ್ ಹೆಬರ್ಟ್, ನೀವು ಫ್ರೆಂಚ್ ಮೂಲದವರಾ?"

"ಅಯ್ಯೋ, ನಮ್ಮದು ಜರ್ಮನ್ ರೈತರ ಮನೆತನ. ಈ ಹೆಸರು ಮದುವೆಯಿಂದ ಬಂದದ್ದು, ಎಂಬತ್ತನೇ ಇಸವಿಯಲ್ಲಿ. ಅವರು ಐಸ್ ತರಲು ಹೋಗಿದ್ದಾರೆ, ಈಗ ಬರುತ್ತಾರೆ."

ಗಂಡನಿದ್ದಾನೆ! ಗೀತಾಳ ಸಂಸಾರಕ್ಕಿಂತ ನಾಲ್ಕು ವರ್ಷ ಹಳೆಯ ಸಂಸಾರ. ಹಾಸಿಗೆ ಹಿಡಿದಿದ್ದವನು ಐಸ್ ತರಲು ಓಡಾಡುತ್ತಿದ್ದಾನೆ ಎಂದರೆ ಗುರುದತ್ತನ ಕೈಗುಣವೇ ಇರಬೇಕು. ಗಿಡವನ್ನೂ ಪ್ರೀತಿಯಿಂದ ಕೊಟ್ಟಿದ್ದಾನೆ. ಇಂಥವನ ಮೇಲೆ ಅನುಮಾನಪಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

"ಆದರೆ ಅದನ್ನು ಹೆಬರ್ಟ್ ಅನ್ನಬಾರದು," ಶಾರ್ಲೀನ್ ನಕ್ಕಳು. "ಈ ಕಡೆಯವರು ಮೊದಲಿನ 'ಹ'ವನ್ನೂ ನುಂಗುತ್ತಾರೆ, ಕೊನೆಯ 'ಟ'ವನ್ನೂ ನುಂಗುತ್ತಾರೆ. ಎಬೇರ್. ಅದರಿಂದಲೇ ಆದ ಎಡವಟ್ಟು. ಆ ಕಥೆ ನಿಮಗೆ ಹೇಳಿಲ್ಲವೇ? ಮದುವೆ ನೋಂದಣಿಯ ಗುಮಾಸ್ತ ಲೂಸಿಯಾನಾದವನು. ಇವರು ತಮ್ಮ ಹೆಸರು ಹೇಳಿದರು, ಅವನು ಅದನ್ನು ತನ್ನೂರಿನ ಎಬೇರ್ ಎಂದೇ ತಿಳಿದು ಬರೆದುಕೊಂಡ. ಇವರು, ಇರಲಿ ಬಿಡು, ಹೀಗೇ ಒಳ್ಳೆಯದು ಎಂದರು."

ಎಬೇರ್. ಗೀತಾಳ ಕಿವಿಯಲ್ಲಿ ಪುಟ್ಟಣ್ಣ ಬಗ್ಗಿ 'ಎಬ್ಬಾರ್ರು ಬರ್ಲಿಲ್ವಾ' ಎಂದು ಕೇಳಿದ ಹಾಗಾಯಿತು. ದಾರಿಯುದ್ದಕ್ಕೂ ಹರಿತ ಮಾಡಿಕೊಂಡು ತಂದಿದ್ದ ಮಾತು ಈಗ ಅವಳ ಕಡೆಗೇ ತಿರುಗಿ ನಿಂತಿತು.

ಹಿಂಬಾಗಿಲಲ್ಲಿ ಕೀಲಿಕೈ ಸದ್ದಾಯಿತು. ಶಾರ್ಲೀನ್ ಸಂಭ್ರಮದಿಂದ ಎದ್ದು ಕೂಗಿದಳು:

"ಗುರೂ, ಬೇಗ ಬಾ! ಯಾರು ಬಂದಿದ್ದಾರೆ ನೋಡು, ಡಾಲಸ್ಸಿನಿಂದ ನಿನ್ನ ತಂಗಿ!"